ಸಕ್ಕರಿ ದುರ್ಬೀನು ಹೇಳಿದ ಒಂದೇ ಸುಳ್ಳು

ನಾನು ಒಂದು ಗೇಣುದ್ದದ ಕೊಳವೆ. ಕಾಗದಪತ್ರಗಳಲ್ಲಿ ನನ್ನ ಹೆಸರು ರಿಫ್ರ್ಯಾಕ್ಟೋಮೀಟರ್. ಅಷ್ಟುದ್ದದ ಹೆಸರು ಹೇಳಿ ಮುಗಿಸುವುದರೊಳಗೆ ಹಣ್ಣೇ ಕೊಳೆತು ಹೋದೀತು ಎಂದು ವಿಜಯಪುರದ ಕಡೆಯ ದ್ರಾಕ್ಷಿ ಬೆಳೆಗಾರರು ನನ್ನನ್ನು ‘ಸಕ್ಕರಿ ದುರ್ಬೀನು’ ಎಂದು ಕರೆದರು. ನಿಜ ಹೇಳಬೇಕೆಂದರೆ ನನಗೂ ಅದೇ ಇಷ್ಟ.

ನನ್ನ ಕೆಲಸ ಬಹಳ ಸುಲಭ. ನನ್ನ ಒಂದು ತುದಿಯಲ್ಲಿ ಓರೆಯಾದ ಗಾಜಿದೆ. ಅದರ ಮೇಲೆ ಹಣ್ಣಿನ ರಸ ಒಂದು ಹನಿ ಹಾಕಿ, ಪುಟ್ಟ ಮುಚ್ಚಳ ಮುಚ್ಚಿ, ಬೆಳಕಿನ ಕಡೆ ಹಿಡಿದು, ಇನ್ನೊಂದು ತುದಿಯಿಂದ ಇಣುಕಬೇಕು. ಒಳಗೆ ಅಂಕಿಗಳ ಏಣಿ ಕಾಣುತ್ತದೆ. ಮೇಲೆ ನೀಲಿ, ಕೆಳಗೆ ಬಿಳಿ. ಎರಡೂ ಕೂಡುವ ಗೆರೆ ಯಾವ ಅಂಕಿಯ ಮೇಲೆ ನಿಂತಿದೆಯೋ ಆ ಹಣ್ಣಿನಲ್ಲಿ ಅಷ್ಟು ಸಿಹಿ ಇದೆ ಎಂದು ಲೆಕ್ಕ.

ಹೀಗಾಗಿ ನನಗೆ ಮನುಷ್ಯರ ಪೂರ್ತಿ ಮುಖದ ಪರಿಚಯ ಕಡಿಮೆ. ನನಗೆ ಗೊತ್ತಿರುವುದು ಒಂದು ಕಣ್ಣು ಮಾತ್ರ. ಆದರೆ ಆ ಒಂದು ಕಣ್ಣಿನಲ್ಲಿ ನಾನು ಎಷ್ಟೆಲ್ಲ ನೋಡಿದ್ದೇನೆ ಅಂತೀರಿ! ಆಸೆ, ಹೆದರಿಕೆ, ಹೊಟ್ಟೆಕಿಚ್ಚು, ಕುಣಿಯುವಷ್ಟು ಸಂತೋಷ, ಎಲ್ಲವೂ ನನ್ನ ರಬ್ಬರಿನ ಬಾಯಿಗೆ ಅಂಟಿಕೊಂಡೇ ಬರುತ್ತಿದ್ದವು.

ನಾನು ಹುಟ್ಟಿದ್ದು ಒಂದು ಕಾರ್ಖಾನೆಯ ಉದ್ದನೆಯ ಮೇಜಿನ ಮೇಲೆ. ನನ್ನ ಗಾಜಿನ ಮೇಲೆ ಮೊದಲು ಬಿದ್ದದ್ದು ಶುದ್ಧ ನೀರಿನ ಹನಿ. ನೀರಿನಲ್ಲಿ ಸಕ್ಕರೆ ಇರುವುದಿಲ್ಲವಲ್ಲ, ಆದ್ದರಿಂದ ಗೆರೆ ಸೊನ್ನೆಯ ಮೇಲೆ ನಿಲ್ಲಬೇಕು. ಒಬ್ಬ ಹೆಣ್ಣುಮಗಳು ನನ್ನ ಬೆನ್ನಿನ ಚಿಕ್ಕ ಸ್ಕ್ರೂ ತಿರುಗಿಸಿ ಗೆರೆಯನ್ನು ಸೊನ್ನೆಗೆ ಕೂರಿಸಿದಳು. ನನ್ನ ಜಾತಿಯವರಿಗೆ ಸೊನ್ನೆ ಸರಿ ಇದ್ದರೆ ಮಿಕ್ಕಿದ್ದೆಲ್ಲ ಸರಿ. ಸೊನ್ನೆ ತಪ್ಪಿದರೆ ಹೇಳುವ ಒಂದೊಂದು ಅಂಕಿಯೂ ತಪ್ಪು. ನಾನು ಅವತ್ತೇ ಜಂಬದಿಂದ ಬೀಗಿಬಿಟ್ಟೆ. ಸುಳ್ಳು ಹೇಳಲು ಬಾರದ ವಸ್ತು ಜಗತ್ತಿನಲ್ಲಿ ನಾನೊಬ್ಬನೇ ಎಂದುಕೊಂಡೆ!

ಅಲ್ಲಿಂದ ನಾನು ಒಂದು ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಬಂದೆ. ನನ್ನ ಮೊದಲ ಒಡೆಯರು ಯಾದವಾಡ ಸರ್. ದ್ರಾಕ್ಷಿ ಬಿಟ್ಟರೆ ಅವರಿಗೆ ಬೇರೆ ಮಾತಿರಲಿಲ್ಲ. ಆ ಭಾಗದ ಕೊಳವೆಬಾವಿಗಳ ನೀರು ಸವಳು, ಬಾಯಿಗಿಟ್ಟರೆ ಉಪ್ಪುಪ್ಪು. ಅದನ್ನೇ ಕುಡಿದು ದ್ರಾಕ್ಷಿ ಬಳ್ಳಿಗಳ ಎಲೆಯಂಚು ಸುಟ್ಟುಹೋಗುತ್ತಿತ್ತು. ಬೇರನ್ನೇ ಬದಲಿಸಿದರೆ ಹೇಗೆ ಎಂದು ಸರ್ ಯೋಚಿಸಿದರು. ಉಪ್ಪನ್ನು ತಡೆದುಕೊಳ್ಳುವ ಕಾಡು ದ್ರಾಕ್ಷಿಯ ಗಿಡ ನೆಟ್ಟು, ಅದರ ಮೇಲೆ ಊರಿನ ದ್ರಾಕ್ಷಿಯ ಕಸಿ ಕಟ್ಟಿದರು. ಒಂದಲ್ಲ ಎರಡಲ್ಲ, ಏಳು ಬಗೆಯ ಕಾಡುಬೇರುಗಳು. ಏಳಕ್ಕೂ ಅದೇ ಸವಳು ನೀರು ಹಾಯಿಸಿ ಒಂಬತ್ತು ವರ್ಷ ನೋಡಿದರು.

ಆ ಒಂಬತ್ತು ವರ್ಷ ನಾನೂ ಅವರ ಜೊತೆ ಸಾಲು ಸಾಲು ಅಲೆದೆ. ಪಾಪ, ಸರ್ ಒಂದು ಒಳ್ಳೆಯ ಹಣ್ಣನ್ನು ಬಾಯಿಗೆ ಹಾಕಿಕೊಂಡದ್ದನ್ನು ನಾನು ನೋಡಲಿಲ್ಲ. ಚೆನ್ನಾಗಿದೆ ಅನ್ನಿಸಿದ ಹಣ್ಣನ್ನೆಲ್ಲ ಹಿಂಡಿ ನನಗೇ ಕುಡಿಸುತ್ತಿದ್ದರು. ಕೊನೆಗೆ ನಾಲ್ಕನೆಯ ಸಾಲಿನ ಬೇರು ಗೆದ್ದಿತು. ಎಲೆ ಹಸಿರಾಗಿಯೇ ಉಳಿಯಿತು, ಹಣ್ಣೂ ಸಿಹಿಯಾಯಿತು. ನನ್ನ ಗೆರೆ ಇಪ್ಪತ್ತೆರಡು ದಾಟಿದ ದಿನ ಸರ್ “ಬಂತು! ಬಂತು!” ಎಂದು ತೋಟದ ನಡುವೆ ಕೂಗಿದರು. ಆಚೆ ಕಡೆ ಕೆಲಸ ಮಾಡುತ್ತಿದ್ದ ವಿದ್ಯಾರ್ಥಿಗಳು ಹಾವು ಬಂತೆಂದು ತಿಳಿದು ಕೋಲು ಹಿಡಿದು ಓಡಿಬಂದರು.

ವಿಶ್ವವಿದ್ಯಾಲಯದ ಹೊಲದಲ್ಲಿ ಗೆದ್ದರೆ ಸಾಕೇ? ರೈತರು ನಂಬಬೇಕಲ್ಲ! ಮಾದರಗಟ್ಟಿ ಎಂಬ ಊರಿನಲ್ಲಿ ಕಾಶೀಬಾಯಿ ಬಿರಾದಾರ ಎಂಬ ಒಬ್ಬಾಕೆ ಮಾತ್ರ ಧೈರ್ಯ ಮಾಡಿ ಎರಡು ಎಕರೆಗೆ ಕಾಡುಬೇರು ನೆಟ್ಟು ಕಸಿ ಕಟ್ಟಿಸಿದ್ದಳು. ಅವಳ ಮೊದಲ ಪೂರ್ತಿ ಫಸಲು ಬರುವ ವರ್ಷವೇ ನಾನು ಅಲ್ಲಿಗೆ ಹೋದೆ. ನಮ್ಮಲ್ಲಿ ಕೊನೆಯ ವರ್ಷದ ವಿದ್ಯಾರ್ಥಿಗಳು ಕೆಲವು ತಿಂಗಳು ಹಳ್ಳಿಯಲ್ಲಿದ್ದು ರೈತರ ಜೊತೆ ದುಡಿಯಬೇಕು. ಹಾಗೆ ಮಾದರಗಟ್ಟಿಗೆ ಹೊರಟವಳು ಮುಧೋಳದ ಕಡೆಯ ರೇಷ್ಮಾ ನದಾಫ. ಸರ್ ನನ್ನನ್ನು ಪೆಟ್ಟಿಗೆಯೊಂದಿಗೆ ಅವಳ ಕೈಗಿಟ್ಟು, ಜೊತೆಗೆ ಒಂದು ಬಾಟಲಿ ಬಟ್ಟಿ ಇಳಿಸಿದ ಶುದ್ಧ ನೀರು ಕೊಟ್ಟು, “ಪ್ರತಿ ಸೋಮವಾರ ಈ ನೀರು ಹಾಕಿ ಇದರ ಸೊನ್ನೆ ನೋಡ್ಕೊ. ಮರೀಬ್ಯಾಡ” ಎಂದರು.

ಎಂಥ ಹುಡುಗಿ ಅವಳು! ಬೆಳಗಾದರೆ ತೋಟ. ಒಂದು ಕೈಯಲ್ಲಿ ನಾನು, ಇನ್ನೊಂದು ಕೈಯಲ್ಲಿ ನೋಟ್‌ಬುಕ್ಕು. ಗೊಂಚಲಿನ ಹೆಗಲಿನ ಹಣ್ಣು ಬೇಗ ಸಿಹಿಯಾಗುತ್ತದೆ, ಬಾಲದ ಹಣ್ಣು ತಡ. ವ್ಯಾಪಾರಿಗಳು ಬಾಲದ ಹಣ್ಣು ತಿಂದು ಮುಖ ಕಿವುಚುವುದು, ರೈತರು ಹೆಗಲಿನ ಹಣ್ಣು ತಿನ್ನಿಸಿ ಹೊಗಳಿಕೊಳ್ಳುವುದು ಆ ಕಡೆಯ ಹಳೆಯ ಜಗಳ. ರೇಷ್ಮಾ ಹೆಗಲು, ನಡು, ಬಾಲ ಮೂರೂ ಕಡೆಯ ಹಣ್ಣು ಕೂಡಿಸಿ ಹಿಂಡಿ ನನಗೆ ಹಾಕುತ್ತಿದ್ದಳು. ಜಗಳವೇ ಇಲ್ಲ!

ಕಾಶೀಬಾಯಿಗೆ ನನ್ನನ್ನು ಕಂಡರೆ ಮಕ್ಕಳಿಗೆ ಜಾತ್ರೆಯ ಬಯಾಸ್ಕೋಪ್ ಪೆಟ್ಟಿಗೆ ಕಂಡಂತೆ. ದಿನಕ್ಕೆ ಹತ್ತು ಸಲ ಇಣುಕುತ್ತಿದ್ದಳು. ಅವಳ ಗಂಡ ಮಲಕಾಜಪ್ಪ ಮಾತ್ರ ದೂರ ನಿಂತು ಒಂದು ಹಣ್ಣು ಬಾಯಿಗೆ ಹಾಕಿಕೊಂಡು, “ನಂದು ಇಲ್ಲೇ ಐತಿ ದುರ್ಬೀನ” ಎಂದು ನಾಲಗೆ ತೋರಿಸುತ್ತಿದ್ದ.

ಅವರು ಬೆಳೆಯುತ್ತಿದ್ದುದು ಒಣದ್ರಾಕ್ಷಿಗೆ. ಒಣದ್ರಾಕ್ಷಿ ಚೆನ್ನಾಗಿ ಬರಬೇಕಾದರೆ ನನ್ನ ಗೆರೆ ಇಪ್ಪತ್ತೆರಡು ಮುಟ್ಟಬೇಕು. ಮೊದಲೇ ಕೊಯ್ದರೆ ಹಣ್ಣು ಒಣಗಿ ಬರೀ ಸಿಪ್ಪೆ. ತಡ ಮಾಡಿದರೆ, ಮಳೆಗಿಳೆ ಬಂದರೆ, ಹಣ್ಣು ಬಿರಿದು ಗೊಂಚಲಿಗೆ ಗೊಂಚಲೇ ಕೊಳೆಯುತ್ತದೆ. ಊರವರಿಗೆ ಇನ್ನೊಂದು ಕುತೂಹಲವಿತ್ತು. “ಕಾಡಬೇರಿಗೆ ಸಿಹಿ ಹೆಂಗ ಬರತೈತಿ? ನೋಡೂಣಂತ” ಎಂದು ಪಕ್ಕದ ತೋಟದ ಗುರಲಿಂಗಪ್ಪ ದಿನಾ ಬೇಲಿಯಾಚೆಯಿಂದ ಕೇಳುತ್ತಿದ್ದ. ಕಾಶೀಬಾಯಿಯ ಹಣ್ಣು ಸಿಹಿಯಾದರೆ ಇಡೀ ಊರು ಕಾಡುಬೇರು ನೆಡುವುದಿತ್ತು. ಆಗದಿದ್ದರೆ ಇಡೀ ಊರು ನಗುವುದಿತ್ತು. ನನಗಂತೂ ದಿನಾ ಬೆಳಿಗ್ಗೆ ಪೆಟ್ಟಿಗೆ ತೆರೆಯುವುದನ್ನೇ ಕಾಯುವ ಹಾಗಾಗಿತ್ತು. ಹತ್ತೊಂಬತ್ತು, ಇಪ್ಪತ್ತು, ಶುಕ್ರವಾರ ಇಪ್ಪತ್ತೊಂದು! ರೇಷ್ಮಾ ನೋಟ್‌ಬುಕ್ಕಿನಲ್ಲಿ ಆ ಅಂಕಿಗೆ ಎರಡು ಗೆರೆ ಎಳೆದಳು.

ಸೋಮವಾರ ಬಂತು. ಸೊನ್ನೆ ನೋಡುವ ದಿನ. ರೇಷ್ಮಾ ಬಾಟಲಿ ಹುಡುಕಿದರೆ ಖಾಲಿ.

“ಅದಾ? ಬ್ಯಾಟರಿ ನೀರಲ್ಲೇನು? ಟ್ರ್ಯಾಕ್ಟರ್ ಬ್ಯಾಟರಿ ಒಣಗಿತ್ತು, ಹಾಕೀನಿ” ಎಂದ ಮಲಕಾಜಪ್ಪ, ಉಪಕಾರ ಮಾಡಿದವನ ಧ್ವನಿಯಲ್ಲಿ.

ಅವನ ತಪ್ಪೇನೂ ಇರಲಿಲ್ಲ ಬಿಡಿ. ಆ ನೀರು ಗ್ಯಾರೇಜುಗಳಲ್ಲಿ ಸಿಗುವುದೇ ಆ ಹೆಸರಿನಲ್ಲಿ. ರೇಷ್ಮಾ ತಲೆ ಮೇಲೆ ಕೈ ಹೊತ್ತು ಪಡಸಾಲೆಯಲ್ಲಿ ಕೂತಳು. ಬಿಸಿಲಲ್ಲಿ ಬಂದವರಿಗೆ ಒಂದು ಚೂರು ಬೆಲ್ಲ, ಒಂದು ತಂಬಿಗೆ ನೀರು ಕೊಡುವುದು ಆ ಕಡೆಯ ಪದ್ಧತಿ. ಕಾಶೀಬಾಯಿ ಹಾಗೇ ಕೊಟ್ಟಳು. ಅಡುಗೆಗೂ ಕುಡಿಯಲಿಕ್ಕೂ ಊರಿನ ಶುದ್ಧೀಕರಣ ಘಟಕದಿಂದ ತಂದ ನೀರು ಅದು, ಸವಳಲ್ಲ. ರೇಷ್ಮಾ ಬೆಲ್ಲ ಕಚ್ಚಿ ನೀರು ಕುಡಿದಳು. ಇದೇ ನೀರು ಸಾಕಲ್ಲ ಅನ್ನಿಸಿತೋ ಏನೋ, ತಂಬಿಗೆಯಲ್ಲಿ ಎರಡು ಬೆರಳು ಅದ್ದಿ ನನ್ನ ಗಾಜಿನ ಮೇಲೆ ಒಂದು ಹನಿ ಬಿಟ್ಟಳು.

ಆ ಬೆರಳುಗಳಲ್ಲಿ ಕರಗಿದ ಬೆಲ್ಲವಿತ್ತು! ನಾನು ಥಟ್ಟನೆ ಗೆರೆಯನ್ನು ನಾಲ್ಕಕ್ಕೆ ಏರಿಸಿ ತೋರಿಸಿದೆ. ಅವಳು ನೋಡಿ, “ಅಯ್ಯೋ, ಸೊನ್ನೆ ಎಷ್ಟು ಸರದೈತಿ!” ಎಂದು ಸ್ಕ್ರೂ ತಿರುಗಿಸಿ ಆ ಬೆಲ್ಲದ ಹನಿಯನ್ನೇ ಸೊನ್ನೆಗೆ ಕೂರಿಸಿಬಿಟ್ಟಳು. ಬೇಡ ಕಣವ್ವಾ, ಬೇಡ ಎಂದು ಕಿರುಚಬೇಕೆನಿಸಿತು. ಕೊಳವೆಗೆ ಬಾಯಿ ಎಲ್ಲಿದೆ? ಅವತ್ತು ಮಧ್ಯಾಹ್ನ ತೋಟದಲ್ಲಿ ಇಪ್ಪತ್ತೆರಡರ ಹಣ್ಣಿಗೆ ನಾನು ಹದಿನೆಂಟು ತೋರಿಸಿದೆ. ನನ್ನ ಆಯುಷ್ಯದ ಮೊದಲ ಸುಳ್ಳು. ನಾಚಿಕೆಯಿಂದ ನನ್ನ ಗಾಜು ಒಡೆದು ಹೋಗಬಾರದೇ ಅನ್ನಿಸಿತು.

ರೇಷ್ಮಾಳ ಕಣ್ಣು ನನ್ನ ಮೇಲೆ ಅಲುಗಾಡದೆ ನಿಂತಿತು. ಶುಕ್ರವಾರ ಇಪ್ಪತ್ತೊಂದಿದ್ದದ್ದು ಹದಿನೆಂಟಕ್ಕೆ ಇಳಿಯುವುದು ಹೇಗೆ? ಪುಸ್ತಕದಲ್ಲಿ ಓದಿದ್ದು ನೆನಪಾಯಿತು. ಮಾಗುವಾಗ ಬಳ್ಳಿಗೆ ನೀರು ಜಾಸ್ತಿ ಬಿಟ್ಟರೆ ಹಣ್ಣು ನೀರಾಗುತ್ತದೆ.

“ಕಾಕಾರ, ನೀರು ಬಿಟ್ಟೀರೇನ್ರಿ?” ಎಂದು ಮಲಕಾಜಪ್ಪನನ್ನು ಕೇಳಿದಳು.

“ಇಲ್ಲವಾ. ನೀ ಬ್ಯಾಡಂದ ಮ್ಯಾಲೆ ವಾಲ್ ಮುಟ್ಟಿಲ್ಲ.”

“ಬಿಟ್ಟಿದ್ರ ಬಿಟ್ಟೀನಿ ಅಂತ ಹೇಳ್ರಿ. ಬ್ಯಾಟರಿಗೂ ಹಿಂಗ ಕೇಳದ ಹಾಕಿದ್ರಿ.”

ಮಲಕಾಜಪ್ಪನ ಮುಖ ಕಪ್ಪಿಟ್ಟಿತು. ಅರವತ್ತರ ಮನುಷ್ಯ, ಮಗಳ ವಯಸ್ಸಿನವಳಿಂದ ಸುಳ್ಳ ಎನ್ನಿಸಿಕೊಂಡ. ಹೆಗಲ ಮೇಲಿನ ಟವೆಲ್ ಕೊಡವಿ ಹೊರಟುಹೋದ. ಸುಳ್ಳ ನಾನು, ಬೈಸಿಕೊಂಡವನು ಅವನು. ಆ ಸಂಕಟವನ್ನು ನಾನು ಇವತ್ತಿಗೂ ಮರೆತಿಲ್ಲ.

ಮಂಗಳವಾರವೂ ಹದಿನೆಂಟೂವರೆ. ಅದೇ ಮಧ್ಯಾಹ್ನ ರೇಷ್ಮಾಳ ಫೋನಿಗೆ ವಿಶ್ವವಿದ್ಯಾಲಯದ ಹವಾಮಾನ ವಿಭಾಗದಿಂದ ಸಂದೇಶ ಬಂತು. ಗುರುವಾರ ಸಂಜೆ ಗುಡುಗು ಸಹಿತ ಮಳೆ. ಕಾಶೀಬಾಯಿ ತೋಟಕ್ಕೂ ಮನೆಗೂ ಅಲೆದಳು. ಕೊಯ್ಯುವುದೋ ಬಿಡುವುದೋ? ದುರ್ಬೀನು ಇನ್ನೂ ವಾರ ಕಾಯಿ ಅನ್ನುತ್ತಿದೆ. ಮೋಡ ಕಾಯಬೇಡ ಅನ್ನುತ್ತಿದೆ. ಗುರಲಿಂಗಪ್ಪ ಬೇಲಿಯಾಚೆಯಿಂದ, “ನಾ ಹೇಳಲಿಲ್ಲೇನವಾ? ಕಾಡಬೇರು ಸಿಹಿ ಕೊಟ್ಟಂಗ ಮಾಡಿ ವಾಪಸ್ ತಗೋತೈತಿ” ಎಂದ. ಸಂಜೆಯೊಳಗೆ ಆ ಮಾತು ಊರೆಲ್ಲ ಹಬ್ಬಿತು. ಕಾಡುಬೇರಿಗಾಗಿ ರೇಷ್ಮಾಳ ಬಳಿ ಮೊದಲೇ ಹೆಸರು ಬರೆಸಿದ್ದ ನಾಲ್ವರು ಬಂದು ಹೆಸರು ತೆಗೆಸಿಹೋದರು. ಸರ್ ಅವರ ಒಂಬತ್ತು ವರ್ಷದ ಕೆಲಸ, ಕಾಶೀಬಾಯಿಯ ಮೂರು ವರ್ಷದ ದುಡಿಮೆ, ಎಲ್ಲವೂ ಒಂದು ಚೂರು ಬೆಲ್ಲದಲ್ಲಿ ಮುಳುಗುತ್ತಿತ್ತು.

ಬುಧವಾರ ಬೆಳಿಗ್ಗೆ ಕಾಶೀಬಾಯಿ ರೊಟ್ಟಿಗೆ ಎಸರಿಟ್ಟಿದ್ದಳು. ಜೋಳದ ಹಿಟ್ಟಿಗೆ ಹಾಕಲು ಕುದಿಸುವ ನೀರು ಅದು. ರೇಷ್ಮಾ ಒಲೆಯ ಪಕ್ಕ ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಮಂಕಾಗಿ ಕೂತಿದ್ದಳು.

“ಒಂದು ಮಾತ ಕೇಳತೀನಿ, ಸಿಟ್ಟಾಗಬ್ಯಾಡ” ಎಂದಳು ಕಾಶೀಬಾಯಿ. “ಮುಂಜಾನೆ ಬಾಲದ ಹಣ್ಣ ತಿಂದ ಬಂದೀನಿ. ಜೇನ ಆಗೈತಿ. ನನ್ನ ನಾಲಗಿ ಸುಳ್ಳ ಹೇಳಾಕತ್ತೈತೋ, ನಿನ್ನ ದುರ್ಬೀನ ಹೇಳಾಕತ್ತೈತೋ?”

“ದುರ್ಬೀನ ಸುಳ್ಳ ಹೇಳೂದಿಲ್ರಿ ಅಕ್ಕಾರ. ಸೋಮವಾರ ನಾನ ಸೊನ್ನೆ ಸರಿ ಮಾಡೀನಿ.”

“ಯಾವ ನೀರಿಲೆ?”

“ನೀವ ಕೊಟ್ಟ ತಂಬಿಗಿ ನೀರಿಲೆ.”

ಕಾಶೀಬಾಯಿ ಹಿಟ್ಟಿನ ಕೈ ಹಾಗೇ ಹಿಡಿದು ನಿಂತಳು. “ಬೆಲ್ಲ ತಿಂದ ಕೈಯಾಗೇನು?”

ರೇಷ್ಮಾ ತನ್ನ ಎರಡು ಬೆರಳುಗಳನ್ನು ನೋಡಿಕೊಂಡಳು. ನೋಡುತ್ತಲೇ ಇದ್ದಳು. ಆಮೇಲೆ ದಡಕ್ಕನೆ ಎದ್ದಳು. ಶುದ್ಧ ನೀರು ಬೇಕು, ಈಗಲೇ ಬೇಕು! ಬ್ಯಾಟರಿ ನೀರು ತರಲು ಪೇಟೆಗೆ ಹೋಗಿ ಬಂದರೆ ಅರ್ಧ ದಿನ. ತಂಬಿಗೆ ನೀರನ್ನು ಮತ್ತೆ ನಂಬುವ ಧೈರ್ಯ ಅವಳಿಗಿರಲಿಲ್ಲ. ಅಷ್ಟರಲ್ಲಿ ಕಾಶೀಬಾಯಿ ಎಸರಿನ ಮುಚ್ಚಳ ಎತ್ತಿದಳು.

“ಅಕ್ಕಾರ, ಅಲ್ಲಾಡಿಸಬ್ಯಾಡ್ರಿ!” ಎಂದು ರೇಷ್ಮಾ ಕೂಗಿದ ಕೂಗಿಗೆ ಬೆಕ್ಕು ಕಿಟಕಿ ಹಾರಿತು. ಮುಚ್ಚಳದ ಒಳಮೈಯಲ್ಲಿ ಹನಿಗಳು ಸಾಲುಗಟ್ಟಿದ್ದವು. ಆವಿಯಾಗಿ ಏರಿ ತಣ್ಣಗಾದ ನೀರು. ಬಟ್ಟಿ ಇಳಿಸಿದ್ದು ಎಂದರೆ ಅದೇ ತಾನೇ! ನಾಲ್ಕು ವರ್ಷ ಪ್ರಯೋಗಶಾಲೆಯಲ್ಲಿ ಗಾಜಿನ ಕೊಳವೆಗಳಲ್ಲಿ ನೋಡಿದ್ದನ್ನು ಅವಳು ಅವತ್ತು ರೊಟ್ಟಿ ಮಾಡುವ ಮನೆಯಲ್ಲಿ ಕಂಡಳು.

ಇಬ್ಬರೂ ಮುಚ್ಚಳ ಅಲುಗದಂತೆ ಹಿಡಿದು ತಣ್ಣಗಾಗಿಸಿದರು. ರೇಷ್ಮಾ ಸಾಬೂನು ಹಚ್ಚಿ ಕೈ ತೊಳೆದಳು, ಎರಡು ಸಲ. ನನ್ನನ್ನೂ ಒರೆಸಿದಳು. ಮುಚ್ಚಳ ಓರೆ ಮಾಡಿ ಒಂದು ಹನಿಯನ್ನು ನೇರ ನನ್ನ ಮೇಲೆ ಇಳಿಸಿದಳು. ಬಾಗಿಲಿಗೆ ಹೋಗಿ ನನ್ನನ್ನು ಬೆಳಕಿಗೆ ಹಿಡಿದಳು. ನಾನು ಕುಣಿಯುತ್ತ ತೋರಿಸಿದೆ. ಗೆರೆ ಸೊನ್ನೆಗಿಂತ ಕೆಳಗೆ, ಅಂಕಿಗಳೇ ಇಲ್ಲದ ಜಾಗದಲ್ಲಿ ಬಿದ್ದಿತ್ತು. ಅವಳ ಕಣ್ಣು ತುಂಬಿ ನನ್ನ ರಬ್ಬರು ಒದ್ದೆಯಾಯಿತು. ಸ್ಕ್ರೂ ತಿರುಗಿತು. ಆಹಾ, ನಾನು ಮತ್ತೆ ನಾನಾದೆ!

ಇಬ್ಬರೂ ತೋಟಕ್ಕೆ ಓಡಿದರು. ಹೆಗಲು, ನಡು, ಬಾಲ. ಹಿಂಡಿದರು, ಹಾಕಿದರು. ಇಪ್ಪತ್ತೆರಡೂವರೆ!

ಈಗ ರೇಷ್ಮಾ ಏನು ಮಾಡುತ್ತಾಳೆ ಎಂದು ನಾನು ಕಾದೆ. ಯಂತ್ರ ಕೆಟ್ಟಿತ್ತು ಎಂದು ಹೇಳಬಹುದಿತ್ತು. ಯಾರೂ ಕೇಳುತ್ತಿರಲಿಲ್ಲ. ಅವಳು ನನ್ನನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಳಕ್ಕೆ ಬಂದಳು. ಮಲಕಾಜಪ್ಪ, ಗುರಲಿಂಗಪ್ಪ, ಇನ್ನೂ ನಾಲ್ಕಾರು ಜನ ಮೋಡದ ಮಾತಾಡುತ್ತ ನಿಂತಿದ್ದರು.

“ಕಾಕಾರ, ತಪ್ಪ ನಂದು” ಎಂದಳು. “ಬೆಲ್ಲದ ಕೈಲೆ ಸೊನ್ನೆ ಹಚ್ಚಿದ್ದೆ. ಹಣ್ಣ ಸೋಮವಾರನ ಆಗಿತ್ತು. ನೀವು ನೀರ ಬಿಟ್ಟಿರಲಿಲ್ಲ, ನಿಮಗ ಸುಳ್ಳ ಅಂದೆ. ಕಾಡಬೇರಿಂದೂ ತಪ್ಪಿಲ್ಲ. ಎಲ್ಲಾ ನಂದ.”

ಮಲಕಾಜಪ್ಪ ಬಂದು ಅವಳ ಕೈಯಿಂದ ನನ್ನನ್ನು ತೆಗೆದುಕೊಂಡು ಒಂದು ಸಲ ಇಣುಕಿದ. ಅವನ ಕಣ್ಣು ನಾನು ಕಂಡದ್ದು ಅದೇ ಮೊದಲು. ಕಣ್ಣಂಚಿನಲ್ಲಿ ನಗುವಿತ್ತು. “ಅಳೂದು ಆಮ್ಯಾಲೆ, ಮೊದಲ ಕತ್ತರಿ ತರ್ರಿ” ಎಂದ.

ಆಮೇಲಿನದು ಹೇಳತೀರದು! ಸ್ತ್ರೀಶಕ್ತಿ ಸಂಘದ ಹೆಂಗಸರು ಇಪ್ಪತ್ತಾರು ಜನ ತಂತಮ್ಮ ಕೆಲಸ ಬಿಟ್ಟು ಬಂದರು. ಕತ್ತರಿಗಳ ಸದ್ದು, ಕ್ರೇಟುಗಳ ಸದ್ದು, ಕಾಶೀಬಾಯಿಯ ಕೂಗು. ಕೊಯ್ದ ಗೊಂಚಲನ್ನು ಬೇಗ ಒಣಗಲೆಂದು ಔಷಧದ ನೀರಿನಲ್ಲಿ ಅದ್ದಿ, ಶೆಡ್ಡಿನ ಬಲೆಯ ಅಟ್ಟಣಿಗೆಗಳ ಮೇಲೆ ಹರಡುವುದು. ಬುಧವಾರ ಪೂರ್ತಿ, ಗುರುವಾರವೂ. ಗುರುವಾರ ಮಧ್ಯಾಹ್ನ ಗಾಳಿ ಎದ್ದಿತು. ಗುರಲಿಂಗಪ್ಪ ತಾನೇ ಬೇಲಿ ದಾಟಿ ಬಂದು ಕ್ರೇಟು ಹೊತ್ತ. ಕೊನೆಯ ಕ್ರೇಟು ಒಳಗೆ ಬಂದು ಸುತ್ತ ತಾಡಪತ್ರಿ ಇಳಿಸಿ ಕಟ್ಟುವುದಕ್ಕೂ ಮೊದಲ ಹನಿ ಬೀಳುವುದಕ್ಕೂ ಸರಿಹೋಯಿತು. ಹೆಂಗಸರು ಶೆಡ್ಡಿನೊಳಗೆ ಒತ್ತೊತ್ತಾಗಿ ನಿಂತು, ತಗಡಿನ ಮೇಲೆ ಬೀಳುವ ಮಳೆಗೆ ಕೇಕೆ ಹಾಕಿದರು. ರೇಷ್ಮಾಳ ಕೊರಳಲ್ಲಿ ದಾರ ಕಟ್ಟಿ ಜೋತುಬಿದ್ದಿದ್ದ ನಾನೂ ಹಾಕಿದೆ, ಯಾರಿಗೂ ಕೇಳಿಸಲಿಲ್ಲ ಅಷ್ಟೇ.

ಹದಿನೈದು ದಿನಕ್ಕೆ ಒಣದ್ರಾಕ್ಷಿ ಸಿದ್ಧವಾಯಿತು. ಉದ್ದನೆಯ, ಹಸಿರು ಹೊಂಬಣ್ಣದ ದ್ರಾಕ್ಷಿ. ಆ ವರ್ಷ ಹನ್ನೊಂದು ಮನೆಯವರು ಕಾಡುಬೇರಿಗೆ ಹೆಸರು ಬರೆಸಿದರು. ಮೊದಲ ಹೆಸರು ಗುರಲಿಂಗಪ್ಪನದು.

ರೇಷ್ಮಾ ಪದವಿ ಮುಗಿಸಿ ಮಾದರಗಟ್ಟಿಗೇ ವಾಪಸು ಬಂದಳು. ಸಂಘದ ಹೆಂಗಸರಿಗೆ ಕಸಿ ಕಟ್ಟುವುದು ಕಲಿಸಿ ಒಂದು ಸಸ್ಯಾಗಾರ ಶುರು ಮಾಡಿಸಿದಳು. ಅವಳು ಮುಂದೆ ಓದಲು ಹೋದಾಗ ಯಾದವಾಡ ಸರ್ ಒಪ್ಪಿಗೆಯಿಂದ ನಾನು ಕಾಶೀಬಾಯಿಯ ಬಳಿ ಉಳಿದೆ. ಏಳು ವರ್ಷ! ಫೆಬ್ರವರಿ ಬಂತೆಂದರೆ ಅವಳು ನನ್ನನ್ನು ಕೊರಳಿಗೆ ಹಾಕಿಕೊಂಡು ತೋಟದಿಂದ ತೋಟಕ್ಕೆ ಹೋಗುತ್ತಿದ್ದಳು. ಜನ ಅವಳನ್ನು ಸಕ್ಕರಿ ಡಾಕ್ಟರು ಅನ್ನುತ್ತಿದ್ದರು. ವ್ಯಾಪಾರಿಯ ಲಾರಿ ಬಂದು ನಿಂತಿದ್ದರೂ ಹತ್ತೊಂಬತ್ತು ಇದ್ದರೆ ಹತ್ತೊಂಬತ್ತೇ ಹೇಳಿ, “ನಾಕ ದಿನ ತಡೀರಿ” ಅನ್ನುವಳು. ಅವಳ ಮಾತು ಮೀರಿ ಊರಲ್ಲಿ ಒಂದು ಗೊಂಚಲೂ ಇಳಿಯುತ್ತಿರಲಿಲ್ಲ. ಊರಿನ ತೋಟಗಳ ಎಲೆಯಂಚು ಸುಡುವುದೂ ನಿಂತಿತು.

ಏಳು ವರ್ಷ ಸೀರೆಯ ಸೆರಗಿನಿಂದ ಒರೆಸಿಸಿಕೊಂಡು ನನ್ನ ಗಾಜಿನ ಮೇಲೆ ಗೀರುಗಳು ಬಿದ್ದವು. ಈಗ ನನ್ನ ಗೆರೆ ಮಸುಕು. ಹೊಸದಾಗಿ ಅಂಕಿಯನ್ನೇ ಬರೆದು ತೋರಿಸುವ ಯಂತ್ರ ಬಂದಿದೆ. ರೇಷ್ಮಾ ಓದು ಮುಗಿಸಿ ವಿಶ್ವವಿದ್ಯಾಲಯದಲ್ಲಿಯೇ ಪಾಠ ಹೇಳುತ್ತಾಳೆ. ಅವಳೇ ಸಂಘಕ್ಕೆ ಹೊಸ ಯಂತ್ರ ಕೊಟ್ಟು ನನ್ನನ್ನು ತನ್ನ ವಿಭಾಗದ ಗಾಜಿನ ಕಪಾಟಿಗೆ ತಂದಳು. ನಿವೃತ್ತಿ ಬೇಸರದ್ದು ಅನ್ನುತ್ತಾರೆ, ನನಗೆ ಹಾಗೇನೂ ಇಲ್ಲ. ಪ್ರತಿ ವರ್ಷ ಹಳ್ಳಿಗೆ ಹೊರಡುವ ಹುಡುಗ ಹುಡುಗಿಯರ ಮುಂದೆ ನನ್ನನ್ನು ಹೊರಗೆ ತೆಗೆಯುತ್ತಾಳೆ. ನಲವತ್ತು ಹೊಸ ಕಣ್ಣುಗಳು!

ಈ ಸಲ ಅತಿಥಿಯಾಗಿ ಕಾಶೀಬಾಯಿಯೂ ಬಂದು ಮುಂದಿನ ಬೆಂಚಿನಲ್ಲಿ ಕೂತಿದ್ದಳು. ರೇಷ್ಮಾ ತನ್ನ ತಪ್ಪನ್ನು ಒಂದಿಷ್ಟೂ ಮುಚ್ಚಿಡದೆ ಹೇಳಿದಳು. ಮಕ್ಕಳು ನಕ್ಕರು. ಹಿಂದಿನ ಸಾಲಿನ ಒಬ್ಬ ಹುಡುಗಿ ಎದ್ದು ಕೇಳಿದಳು: “ಅಮ್ಮಾರ, ನಿಮ್ಮ ಬೆಳೀನ ಹೋಗ್ತಿತ್ತಲ್ರಿ. ಆಮ್ಯಾಲೂ ಮೇಡಂ ಮಾತು ಹೆಂಗ ನಂಬಿದ್ರಿ?”

ಕಾಶೀಬಾಯಿ ಎದ್ದು ನಿಂತಳು. ಸೆರಗು ಸರಿಮಾಡಿಕೊಂಡಳು.

“ಅಲ್ಲೀತನಾ ನಾ ನಂಬಿರಲೇ ಇಲ್ಲವಾ” ಎಂದಳು. “ಶಾಲಿ ಕಲತವರು ಬರತಾರ, ಹೇಳತಾರ, ಹೋಗತಾರ ಅಂತ ಸುಮ್ಮನ ಹೂಂ ಅಂತಿದ್ದೆ. ಈಕಿ ನಮ್ಮ ಅಂಗಳದಾಗ ನಿಂತು ಎಲ್ಲಾರ ಮುಂದ ತಪ್ಪ ನಂದು ಅಂದ್ಲು ನೋಡು, ಅವತ್ತಿಂದ ನಂಬಾಕ ಶುರು ಮಾಡಿದೆ.”

ರೇಷ್ಮಾ ಕಿಟಕಿಯ ಕಡೆ ತಿರುಗಿ ನನ್ನನ್ನು ಕಣ್ಣಿಗೆ ಹಿಡಿದಳು. ನನ್ನ ಗಾಜಿನ ಮೇಲೆ ಯಾವ ರಸವೂ ಇರಲಿಲ್ಲ. ಅವಳು ಬಹಳ ಹೊತ್ತು ನೋಡುತ್ತಲೇ ಇದ್ದಳು, ನನ್ನ ರಬ್ಬರು ಅವತ್ತಿನ ಹಾಗೇ ಒದ್ದೆಯಾಯಿತು.